ಹೊಸ್ತಿಲಿನಿಂದ ಹೊಸ್ತಿಲಿಗೆ

ಕುಂದಗೋಳದ ಗೃಹಸ್ಥನಿಗೆ ಬೆಂಗಳೂರಿಗೆ ಹೋಗುವ ಪ್ರಸಂಗ ಒದಗಿದಾಗ, “ಹುಬ್ಬಳ್ಳಿಯಿಂದ ವಿಮಾನ ಹತ್ತಿದರೆ ಒಂದೇ ತಾಸು” ಎಂದು ಹೇಳುವವರು ಅನೇಕರು. ಈ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ.

ಹುಬ್ಬಳ್ಳಿಯ ವಿಮಾನನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದ ನೇರ ಹಾದಿ ಸುಮಾರು 370 ಕಿಲೋಮೀಟರು. ರೇಲ್ವೆಯ ಹಾದಿಯು ಸುಮಾರು 470. ತಾಸಿಗೆ 500 ಕಿಲೋಮೀಟರು ಹಾರುವ ವಿಮಾನಕ್ಕೆ ಮುಕ್ಕಾಲು ತಾಸು ಸಾಕೆಂದು ಲೆಕ್ಕ ಹೇಳುವದು. ಆದರೆ ನೆಲದ ಮೇಲೆ ಉರುಳುವದು, ಮೇಲೇರುವದು, ವೇಗ ತಗ್ಗಿಸಿ ಇಳಿಯುವದು ಇವೆಲ್ಲ ಸೇರಿ ತಾಸು ತುಂಬುವದು.

ಇನ್ನು ಮನೆಯ ಹೊಸ್ತಿಲಿನಿಂದ ಎಣಿಸೋಣ. ಹುಬ್ಬಳ್ಳಿಯ ನಿಲ್ದಾಣ ಮುಟ್ಟಲು ಒಂದು ತಾಸು, ಅಲ್ಲಿ ಕಾಯಲು ಎರಡು, ಹಾರಾಟ ಒಂದು, ಇಳಿದು ಗಂಟುಮೂಟೆ ಪಡೆದು, ದೇವನಹಳ್ಳಿಯ ಬಳಿಯಿಂದ ನಗರ ಸೇರಲು ಮತ್ತೆರಡು. ಒಟ್ಟು ಆರು ತಾಸು! 2023ರ ಜೂನ್‌ನಲ್ಲಿ ಆರಂಭವಾದ ‘ವಂದೇ ಭಾರತ್’ ಗಾಡಿಯು ಹುಬ್ಬಳ್ಳಿಯಿಂದ ನಗರದ ನಡುವಿಗೆ ಒಯ್ಯಲು ತೆಗೆದುಕೊಳ್ಳುವದೂ ಹೆಚ್ಚುಕಡಿಮೆ ಅಷ್ಟೇ.

ಲಂಡನ್-ಪ್ಯಾರಿಸ್ ನಗರಗಳ ವಿಮಾನನಿಲ್ದಾಣಗಳ ಅಂತರವೂ ಸುಮಾರು 350 ಕಿಲೋಮೀಟರು. ಅಲ್ಲಿ ನಿತ್ಯದ ವಿಮಾನಸಂಚಾರವು 1919ರಲ್ಲಿಯೇ ಮೊದಲಾಯಿತು. ಆದರೂ 1994ರಲ್ಲಿ ಸಮುದ್ರದಡಿಯ ಸುರಂಗದೊಳಗಿಂದ ಗಾಡಿ ಓಡಲಾರಂಭಿಸಿದ ಮೇಲೆ ಬಹುಜನರು ಗಾಡಿಯನ್ನೇ ಆರಿಸಿಕೊಂಡರು. ಅದು ಈಗ ಎರಡೂಕಾಲು ತಾಸಿನಲ್ಲಿ ನಗರದ ನಡುವಿನಿಂದ ನಡುವಿಗೆ ಮುಟ್ಟಿಸುವದು.

ಆದುದರಿಂದ ವಾಚಕರೇ, ಬಹಳ ಹೊತ್ತು ಕೂಡಲಾಗದ ವೃದ್ಧರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಬರಿಯ ಹಾರಾಟದ ವೇಳೆಯನ್ನು ನೋಡಬೇಡಿರಿ. ರಾತ್ರಿಯ ಗಾಡಿಯಲ್ಲಿ ಮಲಗಿ ಹೋಗುವದೇ ಅವರ ದೇಹಕ್ಕೆ ಹಿತವಾದೀತು.