ಕಾಲುವೆಯ ಕೊನೆ ಭಾಗ ಮತ್ತು ಗಣಕದ ಬುತ್ತಿ

ಗಂಗಾವತಿ ಸೀಮೆಯ ಭತ್ತದ ಬದುಕು ತುಂಗಭದ್ರಾ ಎಡದಂಡೆ ಕಾಲುವೆಯನ್ನು ಅವಲಂಬಿಸಿದೆ. ಜಲಾಶಯದ ನೀರು ಮುಖ್ಯ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆಗಳೆಂಬ ಹಂತಗಳಲ್ಲಿ ಗದ್ದೆಗೆ ಇಳಿಯುತ್ತದೆ. ಮೇಲ್ಭಾಗದವರು ಹೆಚ್ಚು ಹರಿಸಿಕೊಂಡರೆ ಕೊನೆ ಭಾಗದ ರೈತರಿಗೆ ನೀರು ನಿಲುಕದು ಎಂಬುದು ಇಲ್ಲಿಯ ಹಳೆಯ ಸಂಕಟ. ಹಂಚಿಕೆಯ ಇಂಥದೇ ಪ್ರಶ್ನೆ ಗಣಕಲೋಕಕ್ಕೂ ಎದುರಾಗಿದೆ.

ದೂರದ ಪಯಣಕ್ಕೆ ಬುತ್ತಿ ಕಟ್ಟುವಂತೆ, ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಕಲ ಪರಿಕರಗಳನ್ನೂ ಸೇರಿಸಿ ಕಟ್ಟಿದ ಗಂಟನ್ನು ‘ಕಂಟೈನರ್ ಇಮೇಜ್’ ಎನ್ನುತ್ತಾರೆ. 2013ರಲ್ಲಿ ಡಾಕರ್ ಬಂದ ಬಳಿಕ ಈ ಪದ್ಧತಿ ವ್ಯಾಪಕವಾಯಿತು. ಆದರೆ ಗಣಕಗುಚ್ಛವೊಂದರ ಸಾವಿರ ಯಂತ್ರಗಳು ಏಕಕಾಲಕ್ಕೆ ಒಂದೇ ಉಗ್ರಾಣದಿಂದ ಇಡೀ ಗಂಟನ್ನು ತರಿಸಿಕೊಳ್ಳತೊಡಗಿದರೆ ದಾರಿ ಕಟ್ಟಿಕೊಳ್ಳುತ್ತದೆ. ಕಂಟೈನರ್ ಆರಂಭವಾಗಲು ಹಿಡಿಯುವ ಕಾಲದಲ್ಲಿ ಶೇಕಡಾ 76ರಷ್ಟು ಹೀಗೆ ತರಿಸಿಕೊಳ್ಳುವುದಕ್ಕೇ ವ್ಯಯವಾಗುತ್ತದೆ, ತರಿಸಿದ್ದರಲ್ಲಿ ಓದಲ್ಪಡುವುದು ಶೇಕಡಾ 6.4 ಮಾತ್ರ ಎಂದು 2016ರ ಅಧ್ಯಯನವೊಂದು ತೋರಿಸಿತು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ರೂಪಿಸಿದ ‘ಸರ್ನ್‌ವಿಎಂ-ಎಫ್ಎಸ್’ ಇದಕ್ಕೊಂದು ಪರಿಹಾರ. ಇದರಲ್ಲಿ ಗಂಟನ್ನು ಬಿಚ್ಚಿ ಕಡತಗಳಾಗಿ ಇರಿಸಲಾಗುತ್ತದೆ. ಮೂಲ ಉಗ್ರಾಣ, ಅದರ ಪ್ರತಿಗಳು, ಆಯಾ ಕೇಂದ್ರದ ತಾತ್ಕಾಲಿಕ ಸಂಗ್ರಹ, ಕೊನೆಗೆ ಯಂತ್ರದ ಸ್ವಂತ ಸಂಗ್ರಹ ಎಂಬುದು ಅದರ ಕ್ರಮ. ಬೇಕಾದ ಕಡತ ಮಾತ್ರ, ಬೇಕಾದಾಗ ಮಾತ್ರ ಕೆಳಗಿಳಿಯುತ್ತದೆ. ಸರ್ನ್‌ನೊಡನೆ ಬೆಸೆದ ಕೋಲ್ಕತ್ತ ಮತ್ತು ಮುಂಬಯಿಯ ಸಂಶೋಧನಾ ಕೇಂದ್ರಗಳೂ ಈ ಜಾಲಕ್ಕೆ ಸೇರಿವೆ.

ಪ್ರತಿ ಕಡತಕ್ಕೂ ಅದರ ಒಳತಿರುಳಿನಿಂದಲೇ ಲೆಕ್ಕಹಾಕಿದ ಗುರುತು ಇರುತ್ತದೆ. ಹೀಗಾಗಿ ಹತ್ತು ಇಮೇಜ್‌ಗಳಲ್ಲಿರುವ ಒಂದೇ ಕಡತ ಉಗ್ರಾಣದಲ್ಲಿ ಒಮ್ಮೆ ಮಾತ್ರ ಉಳಿಯುತ್ತದೆ. ಜಾನಪದದಲ್ಲಿ ಪಾಠಾಂತರವೇ ಸಂಪತ್ತು. ಇಲ್ಲಿಯಾದರೋ ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ನಡುದಾರಿಯಲ್ಲಿ ಕಡತ ಕೆಟ್ಟರೆ ಅದು ಕೂಡಲೇ ಪತ್ತೆಯಾಗುವುದು ಇದರಿಂದಲೇ.

ಕಾಲುವೆಯ ಹೋಲಿಕೆ ಒಂದೆಡೆ ನಿಂತುಬಿಡುತ್ತದೆ. ನೀರು ಬಳಸಿದಂತೆ ತೀರುತ್ತದೆ, ಕಡತ ತೀರುವುದಿಲ್ಲ. ಮೊದಲು ತರಿಸಿಕೊಂಡವನಿಂದಲೇ ಕೇಂದ್ರದ ಸಂಗ್ರಹ ತುಂಬಿ, ಅನಂತರದವನಿಗೆ ಅದು ಹತ್ತಿರದಲ್ಲೇ ದೊರೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಅಚ್ಚುಕಟ್ಟು ಪ್ರದೇಶವೆಲ್ಲ ಆತಂಕಕ್ಕೊಳಗಾಯಿತು. ಗಣಕದಲ್ಲಿ ಮೂಲ ಉಗ್ರಾಣ ಕೆಲಕಾಲ ಕೈಕೊಟ್ಟರೂ ಕೆಳಗೆ ಸಂಗ್ರಹವಾದ ಕಡತಗಳಿಂದ ಕೆಲಸ ಸಾಗಬಲ್ಲದು. ತೆಳುವಾದ ಸಂಪರ್ಕವುಳ್ಳ ದೂರದ ಕೇಂದ್ರವೂ ದೊಡ್ಡ ಕೇಂದ್ರದ ತಂತ್ರಾಂಶವನ್ನೇ ಬಳಸಬಹುದೆಂಬುದು ಇದರ ಮುಖ್ಯ ಫಲ. ಕೊನೆ ಭಾಗದವನ ಪಾಲಿಗೂ ತಲುಪಿದಾಗಲೇ ಹಂಚಿಕೆ ಎಂಬ ಮಾತು ಸಾರ್ಥಕವಾಗುತ್ತದೆ.