ಪ್ರತ್ಯುತ್ತರದಲ್ಲಿ ಪರರ ಮಾತು

ಕನ್ನಡದಲ್ಲಿ ‘ಕಾಗದ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬರೆಯುವ ಹಾಳೆಯೂ ಕಾಗದವೇ. ಅದರಲ್ಲಿ ಬರೆದು ಕಳುಹಿಸಿದ ಓಲೆಯೂ ಕಾಗದವೇ. ಭದ್ರಾವತಿಯ ಕಾಗದನಗರವು 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಬಡಾವಣೆ. ಇಂದು ಆ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದೆ. ಕಾಗದ ಬರೆಯುವವರೂ ವಿರಳರಾಗಿದ್ದಾರೆ. ಕಾಗದದ ಕೆಲಸವನ್ನು ಬಹುಮಟ್ಟಿಗೆ ಇ-ಮೇಲ್ ಎಂಬ ಮಿಂಚಂಚೆ ವಹಿಸಿಕೊಂಡಿದೆ. ಆದರೆ ಪತ್ರ ಬರೆಯುವವನ ಹೊಣೆ ಮಾತ್ರ ಬದಲಾಗಿಲ್ಲ.

ನಮ್ಮ ಕಚೇರಿಗಳ ಪತ್ರಗಳಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲಿರುವುದನ್ನು ನೀವು ನೋಡಿರಬಹುದು. ಯಾವ ಪತ್ರಕ್ಕೆ ಇದು ಉತ್ತರವೆಂಬುದನ್ನು ಅದು ಸಂಖ್ಯೆ ಮತ್ತು ದಿನಾಂಕಗಳಿಂದ ಸೂಚಿಸುತ್ತದೆ. ಮಿಂಚಂಚೆಯಲ್ಲಿ ಇನ್ನೊಂದು ಅನುಕೂಲವಿದೆ. ಹಿಂದಿನ ಪತ್ರದ ಮಾತುಗಳನ್ನೇ ಉತ್ತರದೊಳಗೆ ತಂದು ಇರಿಸಬಹುದು. ಅವು ಪರರ ಮಾತುಗಳೆಂದು ತಿಳಿಯಲು ಪ್ರತಿ ಸಾಲಿನ ಮೊದಲಿಗೆ > ಎಂಬ ಗುರುತನ್ನು ಹಾಕುವ ರೂಢಿಯಿದೆ. ಉತ್ತರಕ್ಕೆ ಮರುಉತ್ತರ ಬಂದಾಗ ಹಳೆಯ ಸಾಲಿಗೆ ಎರಡು ಗುರುತುಗಳಾಗುತ್ತವೆ. ಮಾತು ಎಷ್ಟು ಕೈ ದಾಟಿ ಬಂದಿದೆಯೆಂಬುದನ್ನು ಗುರುತುಗಳ ಎಣಿಕೆಯೇ ಹೇಳುತ್ತದೆ.

ತೊಡಕು ಹುಟ್ಟುವುದೂ ಇಲ್ಲಿಯೇ. ಹಳೆಯ ಗಣಕಯಂತ್ರಗಳ ಪರದೆಯಲ್ಲಿ ಒಂದು ಸಾಲಿಗೆ 80 ಅಕ್ಷರಗಳು ಹಿಡಿಯುತ್ತಿದ್ದವು. ಆದುದರಿಂದ ಮಿಂಚಂಚೆಯ ನಿಯಮಗಳು ಸಾಲು 78 ಅಕ್ಷರಗಳನ್ನು ಮೀರದಿರುವುದು ಒಳ್ಳೆಯದೆನ್ನುತ್ತವೆ. ಮೊದಲೇ ತುಂಬಿದ ಸಾಲಿನ ಮುಂದೆ ಗುರುತು ಸೇರಿದರೆ ಸಾಲು ಉದ್ದವಾಗುತ್ತದೆ. ಆಗ ಯಂತ್ರವು ಅದನ್ನು ಮುರಿದು, ಉಳಿದ ತುಂಡನ್ನು ಕೆಳಗೆ ತಳ್ಳುತ್ತದೆ. ಆ ತುಂಡಿಗೆ ಗುರುತು ಇರುವುದಿಲ್ಲ.

ಇದರಿಂದೇನು ಹಾನಿ ಎನ್ನುವಿರಾ? ಭದ್ರಾವತಿಯ ಶಾಲೆಯೊಂದರ ಶಿಕ್ಷಕರು ಪ್ರವಾಸದ ವಿಷಯವಾಗಿ ಮುಖ್ಯೋಪಾಧ್ಯಾಯರಿಗೆ ಬರೆದರೆಂದು ಭಾವಿಸೋಣ. ಉತ್ತರ ಹೀಗೆ ಕಾಣಿಸಿತು:

> ಶನಿವಾರ ಮಳೆಯಿದ್ದರೂ ಮಕ್ಕಳನ್ನು ಲಕ್ಕವಳ್ಳಿ ಅಣೆಕಟ್ಟಿಗೆ ಕರೆದೊಯ್ಯೋಣವೇ?
ಭಯವಿಲ್ಲ, ಹೋಗಬಹುದು.
ಪೋಷಕರನ್ನು ಕೇಳಿದ ಬಳಿಕ ತಿಳಿಸುತ್ತೇನೆ.

‘ಭಯವಿಲ್ಲ, ಹೋಗಬಹುದು’ ಎಂದವರು ಶಿಕ್ಷಕರು. ಗುರುತು ತಪ್ಪಿದ್ದರಿಂದ ಅದು ಮುಖ್ಯೋಪಾಧ್ಯಾಯರ ಅಪ್ಪಣೆಯಂತೆ ತೋರುತ್ತದೆ. ಒಂದು ಪದವೂ ಬದಲಾಗಿಲ್ಲ. ಆದರೂ ಹೊಣೆಯು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿತು.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಮೊದಲು ಹಳೆಯ ಗುರುತುಗಳನ್ನು ತೆಗೆಯಬೇಕು. ಒಂದೇ ವಾಕ್ಯವೃಂದಕ್ಕೆ ಸೇರಿದ ತುಂಡುಗಳನ್ನು ಕೂಡಿಸಬೇಕು. ಬಳಿಕ ಗುರುತಿಗೆ ಎಡೆಯಿರುವಂತೆ ಸಾಲುಗಳನ್ನು ಚಿಕ್ಕದಾಗಿ ಮುರಿದು, ಪ್ರತಿ ಸಾಲಿಗೂ ಗುರುತನ್ನು ಹಾಕಬೇಕು:

> ಶನಿವಾರ ಮಳೆಯಿದ್ದರೂ ಮಕ್ಕಳನ್ನು ಲಕ್ಕವಳ್ಳಿ
> ಅಣೆಕಟ್ಟಿಗೆ ಕರೆದೊಯ್ಯೋಣವೇ? ಭಯವಿಲ್ಲ, ಹೋಗಬಹುದು.
ಪೋಷಕರನ್ನು ಕೇಳಿದ ಬಳಿಕ ತಿಳಿಸುತ್ತೇನೆ.

ಈ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುವಂತೆ 1999ರಲ್ಲಿ ಒಂದು ಕ್ರಮವನ್ನು ರೂಪಿಸಲಾಯಿತು. ಸಾಲಿನ ಕೊನೆಯಲ್ಲಿ ಖಾಲಿ ಜಾಗವೊಂದು ಉಳಿದಿದ್ದರೆ ವಾಕ್ಯವೃಂದ ಮುಂದುವರಿದಿದೆಯೆಂದು ಅರ್ಥ. ಆದರೆ ಎಲ್ಲ ಯಂತ್ರಗಳೂ ಈ ಕ್ರಮವನ್ನು ಪಾಲಿಸುವುದಿಲ್ಲ.

ಯಂತ್ರಕ್ಕೆ ತಿಳಿಯದ ವಿವೇಕವೂ ಒಂದಿದೆ. ತಾಳೆಗರಿಯಲ್ಲಿ ಬರೆಯುತ್ತಿದ್ದವರು ಪದ್ಯವನ್ನೂ ಒಂದೇ ಸಮನೆ ಬರೆದು, ಗರಿಯ ಅಂಚು ಬಂದಲ್ಲಿ ಸಾಲನ್ನು ಮುಗಿಸುತ್ತಿದ್ದರು. ಅಲ್ಲಿ ಸಾಲು ಮುರಿದದ್ದು ಗರಿಯ ಅಳತೆಯಿಂದ, ಕವಿಯ ಇಚ್ಛೆಯಿಂದಲ್ಲ. ಇಂದಿನ ಅಚ್ಚಿನ ಪದ್ಯದಲ್ಲಾದರೋ ಸಾಲುಗಳು ಬೇಕೆಂದೇ ಮುರಿದವು. ವಿಳಾಸ, ಪಟ್ಟಿ, ಲೆಕ್ಕಗಳೂ ಹಾಗೆಯೇ. ಇಂಥವುಗಳ ಸಾಲುಗಳನ್ನು ಕೂಡಿಸಬಾರದು.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರ ಅಗತ್ಯ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸರಣಿ. ಸಂಕೇತಗಳನ್ನು ಎಣಿಸಿ ಕುರುಡಾಗಿ ಕತ್ತರಿಸಿದರೆ ಅಕ್ಷರವೇ ಒಡೆದುಹೋದೀತು. ಆದುದರಿಂದ ಪದಗಳ ನಡುವಣ ತೆರಪಿನಲ್ಲಿಯೇ ಸಾಲನ್ನು ಮುರಿಯಬೇಕು.

ಉತ್ತರಕ್ಕೆ ಬೇಡದ ಭಾಗವನ್ನು ಬಿಡಬಹುದು; ಬಿಟ್ಟೆಡೆಯಲ್ಲಿ ಚುಕ್ಕಿಗಳನ್ನಿಟ್ಟು ತಿಳಿಸಬೇಕು. ಸಾಲಿನ ಉದ್ದವನ್ನು ಬದಲಿಸುವ ಸ್ವಾತಂತ್ರ್ಯ ನಮಗುಂಟು, ಮಾತನ್ನು ಬದಲಿಸುವ ಅಧಿಕಾರವಿಲ್ಲ. ಪರರ ಮಾತು ನಮ್ಮ ಕೈಯಲ್ಲಿರಿಸಿದ ಒತ್ತೆಯಂತೆ. ಅದನ್ನು ಒಡೆಯನ ಹೆಸರಿನಲ್ಲಿಯೇ, ಊನವಾಗದಂತೆ ಮುಂದಿನವರಿಗೆ ಒಪ್ಪಿಸುವುದು ಪತ್ರ ಬರೆಯುವವನ ಧರ್ಮ.