ಮಳೆಗಾಲದಲ್ಲಿ ಮಾಲ್ಶೇಜ್ ಘಾಟ್‌ಗೆ ಸೈಕಲ್ ಸವಾರಿ ಯಾಕೆ ಬೇಡ?

ಥಾಣೆ, ಡೊಂಬಿವಿಲಿ, ಕಲ್ಯಾಣ್, ನವಿ ಮುಂಬೈ ಸೈಕಲ್ ಸವಾರರಿಗೆ ಕಡಿದಾದ ಬಂಡೆಗಳ ನಡುವಿನ ದಾರಿ ಬೇಕಿದ್ದರೆ ಮಾಲ್ಶೇಜ್ ಘಾಟ್ ಇದೆ. ಕಲ್ಯಾಣ್‌ನಿಂದ ಮುರ್ಬಾಡ್ ಮೂಲಕ ಸುಮಾರು 85 ಕಿ.ಮೀ. ಮೊರೋಶಿ ದಾಟಿದ ಮೇಲೆ ಏರು ಶುರು. ಘಾಟ್‌ನ ತುದಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ.

ಇಲ್ಲಿನದು ಬಾದಾಮಿಯ ಕೆಂಪು ಮರಳುಗಲ್ಲಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್. ಬಿರುಕುಗಳಿಗೆ ಮಳೆನೀರು ಇಳಿದರೆ ಕಲ್ಲು ಸಡಿಲಗೊಂಡು ರಸ್ತೆಗೆ ಉರುಳುತ್ತದೆ. ಜಲಪಾತ ನೋಡಲು ಜನ ಮುಗಿಬೀಳುವುದೂ ಅದೇ ಜುಲೈ, ಆಗಸ್ಟ್‌ನಲ್ಲಿ! ಉರುಳುವ ಬಂಡೆಗೆ ಹೆಲ್ಮೆಟ್ ಲೆಕ್ಕಕ್ಕಿಲ್ಲ. ಜೊತೆಗೆ ದಟ್ಟ ಮಂಜು, ಲಾರಿಗಳು, ಒದ್ದೆ ಬ್ರೇಕ್.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಇಳಿಜಾರಿನಲ್ಲಿ ಬ್ರೇಕ್ ಒಂದೇ ಸಮನೆ ಹಿಡಿಯದೆ ಬಿಟ್ಟು ಬಿಟ್ಟು ಒತ್ತಿ; ರಿಮ್ ಬ್ರೇಕ್‌ನ ಸೈಕಲ್‌ನಲ್ಲಿ ರಿಮ್ ಕಾದು ಟ್ಯೂಬ್ ಒಡೆಯಬಹುದು.